ಕೊಂಕಣ ಸುತ್ತಿ ಮೈಲಾರಕ್ಕೆ: ಅಮೆರಿಕದ ಬಳಸುದಾರಿಗಳ ಕಥೆ

(ಓದುಗರ ಬಳಗವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



‘ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ’ ಎಂಬ ಗಾದೆಯನ್ನು ನಾವೆಲ್ಲ ಒಂದಲ್ಲ ಒಂದು ಸಲ ಬಳಸಿದ್ದೇವೆ. ಎರಡು ಮಾತಿನಲ್ಲಿ ಮುಗಿಯುವ ವಿಷಯವನ್ನು ಒಂದು ಗಂಟೆ ಎಳೆಯುವವರನ್ನು, ನೇರವಾಗಿ ಆಗುವ ಕೆಲಸವನ್ನು ಗೋಜಲು ಮಾಡಿಕೊಳ್ಳುವವರನ್ನು ಹಾಸ್ಯ ಮಾಡಲು ಈ ಗಾದೆ ಹುಟ್ಟಿದೆ. ಸುತ್ತುದಾರಿ ಹಿಡಿಯುವುದು ಅವಿವೇಕ ಎಂಬುದು ಇದರ ತಾತ್ಪರ್ಯ. ಕಾಲ್ನಡಿಗೆ, ಎತ್ತಿನ ಗಾಡಿಗಳ ಕಾಲಕ್ಕೆ ಇದು ಸರಿಯಾದ ಮಾತೇ. ಒಂದು ಹರದಾರಿ ಹೆಚ್ಚಿಗೆ ನಡೆಯಬೇಕೆಂದರೆ ಕಾಲು ಸೋಲುತ್ತದೆ, ಎತ್ತು ದಣಿಯುತ್ತದೆ, ಕಟ್ಟಿಕೊಂಡ ಬುತ್ತಿ ಮುಗಿಯುತ್ತದೆ.

ಆದರೆ ಈ ಗಾದೆಯ ಅವಿವೇಕವನ್ನು ಬೇಕೆಂದೇ ಮಾಡುವವರು ಅಮೆರಿಕದಲ್ಲಿದ್ದಾರೆ. ಹೊತ್ತಿಗೆ ಅಷ್ಟು ಬೆಲೆ ಕೊಡುವ ದೇಶ ಇನ್ನೊಂದಿಲ್ಲ ಎಂದು ನಾವು ಕೇಳಿದ್ದೇವೆ. ಅಂಥ ದೇಶದಲ್ಲಿ ಸಂಸಾರ ಸಮೇತ ಕಾರು ಹತ್ತಿ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ಹೊರಟವರು, ಸಲೀಸಾದ ಹೆದ್ದಾರಿಯನ್ನು ಬಿಟ್ಟು ಬೆಟ್ಟ, ಕಣಿವೆ, ಸಣ್ಣ ಊರುಗಳ ಬಳಸುದಾರಿಗೆ ಇಳಿಯುತ್ತಾರೆ. ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೆದ್ದಾರಿಯಲ್ಲಿ ಸುಮಾರು 4,700 ಕಿಲೋಮೀಟರ್. ಹಟ ಹಿಡಿದು ಓಡಿಸಿದರೆ ನಾಲ್ಕೈದು ದಿನ. ಬಳಸುದಾರಿ ಹಿಡಿದರೆ ಮೂರು ವಾರವೂ ಸಾಲದು. ಈ ಹವ್ಯಾಸಕ್ಕೆಂದೇ ಅಲ್ಲಿ ನಕ್ಷೆಗಳಿವೆ, ಪುಸ್ತಕಗಳಿವೆ, ದಾರಿಬದಿಯಲ್ಲಿ ಸರ್ಕಾರವೇ ನಿಲ್ಲಿಸಿದ ಫಲಕಗಳಿವೆ. ಮಕ್ಕಳ ಮನೆಗೆಂದು ಹೋಗಿ ನಾಲ್ಕಾರು ತಿಂಗಳು ಇದ್ದು ಬಂದ ನಮ್ಮ ಅನೇಕ ಹಿರಿಯರು ಇದನ್ನು ಕಣ್ಣಾರೆ ಕಂಡಿರುತ್ತಾರೆ.

ಇಂಥ ಅವಸರದ ದೇಶಕ್ಕೆ ನಿಧಾನದ ದಾರಿಯ ಮೇಲೆ ಯಾಕಿಷ್ಟು ಮೋಹ? ಚೆಲುವಾದ ನೋಟಕ್ಕಾಗಿ ಎಂದು ಸುಲಭವಾಗಿ ಹೇಳಬಹುದು. ಅದು ಅರ್ಧ ಉತ್ತರ ಮಾತ್ರ. ಇಂದು ಅಲ್ಲಿನ ಜನ ಪ್ರೀತಿಯಿಂದ ಹಿಡಿಯುವ ಬಳಸುದಾರಿಗಳಲ್ಲಿ ಬಹಳಷ್ಟು ಒಂದು ಕಾಲದಲ್ಲಿ ಮುಖ್ಯ ರಸ್ತೆಗಳೇ ಆಗಿದ್ದವು. ರಸ್ತೆ ಇದ್ದಲ್ಲೇ ಇತ್ತು. ದೇಶ ಅದನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಹಾಗೆ ಬಿಟ್ಟುಹೋದ ರಸ್ತೆಯ ಮೇಲಿದ್ದ ಊರುಗಳು ಏನಾದವು, ಕೆಲವು ಹೇಗೆ ಉಳಿದುಕೊಂಡವು ಎಂಬುದೇ ಇಂದಿನ ನನ್ನ ವಿಷಯ.

ದಾರಿಯೇ ಇಲ್ಲದ ಕಾಲ

ಬಳಸುದಾರಿ ಎನ್ನಬೇಕಾದರೆ ಮೊದಲು ನೇರ ದಾರಿ ಇರಬೇಕು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಅದೇ ಇರಲಿಲ್ಲ. ದೂರ ಪ್ರಯಾಣವೆಂದರೆ ರೈಲು. ಊರಿನ ಎಲ್ಲೆ ದಾಟಿದರೆ ರಸ್ತೆ ಎಂಬುದು ಗಾಡಿಜಾಡು. ಮಳೆ ಬಂದರೆ ಕೆಸರು, ಬಿಸಿಲು ಬಿದ್ದರೆ ದೂಳು.

1903ರಲ್ಲಿ ಹೊರೇಷಿಯೊ ನೆಲ್ಸನ್ ಜಾಕ್ಸನ್ ಎಂಬ ವೈದ್ಯರು, ಕಾರಿನಲ್ಲಿ ದೇಶ ದಾಟಬಹುದು ಎಂದು 50 ಡಾಲರ್ ಪಂದ್ಯ ಕಟ್ಟಿ, ಸ್ಯೂವಲ್ ಕ್ರಾಕರ್ ಎಂಬ ಮೆಕ್ಯಾನಿಕ್‌ನ ಜೊತೆ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟರು. ನೆವಾಡದ ಮರುಭೂಮಿಗೆ ಹೆದರಿ ಉತ್ತರಕ್ಕೆ ತಿರುಗಿ, ಆರೆಗನ್, ಐಡಹೊಗಳನ್ನು ಬಳಸಿ ಹೋದರು. ದಾರಿಯಲ್ಲಿ ‘ಬಡ್’ ಎಂಬ ನಾಯಿ ಜೊತೆಯಾಯಿತು. ದೂಳಿನಿಂದ ಕಣ್ಣು ಉರಿಯುತ್ತಿತ್ತೆಂದು ಅದಕ್ಕೂ ಒಂದು ಕನ್ನಡಕ ಕಟ್ಟಿದ್ದರು. ಒಂದು ಕಡೆ ದಾರಿ ಕೇಳಿದಾಗ ಹೆಂಗಸೊಬ್ಬಳು ಬೇಕೆಂದೇ ಐವತ್ತು ಮೈಲಿಗೂ ಹೆಚ್ಚು ದೂರದ ತಪ್ಪು ದಾರಿ ತೋರಿಸಿದಳಂತೆ. ತನ್ನ ಮನೆಯವರು ಅದುವರೆಗೆ ಕಾರನ್ನೇ ಕಂಡಿರಲಿಲ್ಲ, ಅವರೂ ನೋಡಲಿ ಎಂಬುದು ಅವಳ ಆಸೆ. ಹೀಗೆ ಅಮೆರಿಕವನ್ನು ಕಾರಿನಲ್ಲಿ ದಾಟಿದ ಮೊದಲ ಪ್ರಯಾಣದಲ್ಲೇ ಬಳಸುದಾರಿ ಸೇರಿಕೊಂಡಿದೆ. ನೋಟಕ್ಕಾಗಿ ಹಿಡಿದ ಬಳಸುದಾರಿಯೇ ಅದು; ನೋಡಿದವರು ಮಾತ್ರ ಪ್ರಯಾಣಿಕರಲ್ಲ, ದಾರಿಯ ಕೊನೆಯಲ್ಲಿದ್ದ ಮನೆಯವರು! ನ್ಯೂಯಾರ್ಕ್ ತಲುಪಲು ಅವರಿಗೆ 63 ದಿನ ಹಿಡಿಯಿತು.

1909ರಲ್ಲಿ ಆಲಿಸ್ ರ‍್ಯಾಮ್ಸಿ ಎಂಬ 22 ವರ್ಷದ ಗೃಹಿಣಿ ನ್ಯೂಯಾರ್ಕ್‌ನಿಂದ ಹೊರಟು 59 ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸೇರಿದರು. ಕಾರು ಓಡಿಸಿಕೊಂಡು ಅಮೆರಿಕ ದಾಟಿದ ಮೊದಲ ಮಹಿಳೆ ಅವರು. ಆಗಿನ ಮಾರ್ಗದರ್ಶಿ ಪುಸ್ತಕಗಳಲ್ಲಿ ರಸ್ತೆಗೆ ಹೆಸರಿಲ್ಲ, ಅಂಕಿಯಿಲ್ಲ. ಇಂಥ ಬಣ್ಣದ ಮನೆ ಸಿಕ್ಕರೆ ಎಡಕ್ಕೆ ತಿರುಗಿ ಎಂಬ ಬಗೆಯ ವಿವರಣೆ. ಒಂದು ಕಡೆ ಹಳದಿ ಮನೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಮನೆಯ ಯಜಮಾನನಿಗೆ ಮೋಟಾರು ಕಂಡರೆ ಆಗದು, ದಾರಿ ತಪ್ಪಲಿ ಎಂದೇ ಅದಕ್ಕೆ ಹಸಿರು ಬಣ್ಣ ಬಳಿಸಿದ್ದನೆಂದು ಆಮೇಲೆ ತಿಳಿಯಿತು. ದಾರಿಯುದ್ದಕ್ಕೂ ಇದ್ದ ಜನರ ಇಷ್ಟಾನಿಷ್ಟಗಳನ್ನು ತಪ್ಪಿಸಿಕೊಂಡು ಪ್ರಯಾಣ ಮಾಡುವುದು ಆಗ ಸಾಧ್ಯವೇ ಇರಲಿಲ್ಲ ಎಂಬುದನ್ನು ಗಮನಿಸಿ.

ಇಂಥ ಸ್ಥಿತಿಯಲ್ಲಿ 1913ರಲ್ಲಿ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ‘ಲಿಂಕನ್ ಹೆದ್ದಾರಿ’ ಎಂಬ ಮಾರ್ಗವನ್ನು ಗುರುತಿಸಲಾಯಿತು. ಇದು ಸರ್ಕಾರದ ಕೆಲಸವಲ್ಲ, ಕಾರ್ಲ್ ಫಿಶರ್ ಎಂಬ ವ್ಯಾಪಾರಿ ಮತ್ತು ಗೆಳೆಯರ ಪ್ರಚಾರ. ಬಹುಪಾಲು ಕಡೆ ಹೆದ್ದಾರಿ ಇದ್ದದ್ದು ಕಾಗದದ ಮೇಲೆಯೇ.

ಊರ ನಡುವೆ ಹಾದ ರಸ್ತೆ

1926ರಲ್ಲಿ ದೇಶದ ಮುಖ್ಯ ರಸ್ತೆಗಳಿಗೆಲ್ಲ ಅಂಕಿ ಕೊಡುವ ವ್ಯವಸ್ಥೆ ಬಂದಿತು. ಆ ವರ್ಷದ ನವೆಂಬರ್ 11ರಂದು ಹುಟ್ಟಿದ್ದು ‘ರೂಟ್ 66’. ಶಿಕಾಗೊದಿಂದ ಲಾಸ್ ಏಂಜಲೀಸ್‌ವರೆಗೆ ಎಂಟು ರಾಜ್ಯಗಳಲ್ಲಿ 2,448 ಮೈಲಿ, ಅಂದರೆ ಸುಮಾರು 3,940 ಕಿಲೋಮೀಟರ್ ಉದ್ದದ ದಾರಿ ಎಂದು ಇದರ ಲೆಕ್ಕ. ಇದರ ಹಿಂದಿದ್ದವರು ಓಕ್ಲಹೋಮ ರಾಜ್ಯದ ಟಲ್ಸಾ ಊರಿನ ಸೈರಸ್ ಏವರಿ. ನಕ್ಷೆ ತೆಗೆದು ನೋಡಿದರೆ ಈ ರಸ್ತೆ ನೇರವಾಗಿಲ್ಲ, ದಕ್ಷಿಣಕ್ಕೆ ಬಾಗಿ ಬಳಸಿಕೊಂಡು ಹೋಗುತ್ತದೆ. ಬಾಗಿದ ಜಾಗದಲ್ಲೇ ಏವರಿಯವರ ಟಲ್ಸಾ ಇದೆ! ರಸ್ತೆ ಹೋದಲ್ಲಿ ವ್ಯಾಪಾರ ಹೋಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಕಾಲದ ಹೆದ್ದಾರಿಯ ಗುಣವೆಂದರೆ ಅದು ಊರನ್ನು ತಪ್ಪಿಸುತ್ತಿರಲಿಲ್ಲ. ಊರಿನ ಮುಖ್ಯ ಬೀದಿಯೇ ಹೆದ್ದಾರಿ. ಪ್ರಯಾಣಿಕ ಬೇಡವೆಂದರೂ ಅಂಚೆ ಕಚೇರಿ, ಶಾಲೆ, ಇಗರ್ಜಿ, ಕ್ಷೌರದಂಗಡಿಗಳ ಮುಂದೆಯೇ ಹಾದುಹೋಗಬೇಕು. ಅವನು ಅಲ್ಲೊಂದು ಕಡೆ ಪೆಟ್ರೋಲ್ ಹಾಕಿಸುತ್ತಾನೆ, ಇಲ್ಲೊಂದು ಕಡೆ ಕಾಫಿ ಕುಡಿಯುತ್ತಾನೆ, ಕತ್ತಲಾದರೆ ಮೋಟೆಲ್‌ನಲ್ಲಿ ಮಲಗುತ್ತಾನೆ. ಈ ಆದಾಯದ ಮೇಲೆ ನೂರಾರು ಊರುಗಳು ಬೆಳೆದವು.

1930ರ ದಶಕದಲ್ಲಿ ಬರ ಬಂದು, ಹೊಲದ ಮಣ್ಣು ದೂಳಾಗಿ ಹಾರಿಹೋದಾಗ, ಓಕ್ಲಹೋಮ ಮತ್ತು ಅಕ್ಕಪಕ್ಕದ ರಾಜ್ಯಗಳ ಬಡ ರೈತರು ಹರಕು ಲಾರಿಗಳಲ್ಲಿ ಪಾತ್ರೆಪಗಡಿ ಹೇರಿಕೊಂಡು ಕ್ಯಾಲಿಫೋರ್ನಿಯಕ್ಕೆ ಗುಳೆ ಹೊರಟದ್ದು ಇದೇ ರಸ್ತೆಯಲ್ಲಿ. ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿ ಅವರ ಕಥೆ. ಈ ರಸ್ತೆಗೆ ತಾಯಿಯ ಪಟ್ಟ ಕೊಟ್ಟ ಹೆಸರು ಬಂದದ್ದೂ ಅದರಿಂದಲೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದೇ ದಾರಿಯಲ್ಲಿ ಹಸಿವಿನವರ ಬದಲು ರಜೆಯವರು ಬಂದರು. ದಾರಿಬದಿಯ ಊರುಗಳಿಗೆ ಸುಗ್ಗಿ.

ಆದರೆ ಹಳೆಯದೆಲ್ಲ ಚಿನ್ನವಲ್ಲ. ಎರಡು ಸಾಲಿನ ಇಕ್ಕಟ್ಟು ರಸ್ತೆ, ಕುರುಡು ತಿರುವುಗಳು, ಎದುರಿನಿಂದ ನುಗ್ಗುವ ಲಾರಿಗಳು. ಆಗಾಗ ನಡೆಯುತ್ತಿದ್ದ ಭೀಕರ ಅಪಘಾತಗಳಿಂದಾಗಿ ಕೆಲವು ಕಡೆ ಜನ ಇದನ್ನು ‘ರಕ್ತದ 66’ ಎಂದೇ ಕರೆಯುತ್ತಿದ್ದರು.

ಸೈನಿಕನ ನೆನಪು, ಅಧ್ಯಕ್ಷನ ರಸ್ತೆ

1919ರ ಜುಲೈ 7ರಂದು ಅಮೆರಿಕದ ಸೈನ್ಯ ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಲಾರಿಗಳ ಒಂದು ದಂಡನ್ನು ಕಳಿಸಿತ್ತು. ಲಾರಿಗಳು ಮರಳಿನಲ್ಲಿ ಹೂತವು, ಮರದ ಸೇತುವೆಗಳು ಭಾರ ತಾಳದೆ ಮುರಿದವು. ದಂಡು ಗುರಿ ಮುಟ್ಟಿದ್ದು 62 ದಿನಗಳ ಮೇಲೆ. ಅದರಲ್ಲಿ ಡ್ವೈಟ್ ಐಸೆನ್‌ಹೋವರ್ ಎಂಬ ಯುವ ಅಧಿಕಾರಿ ಇದ್ದರು. ಮುಂದೆ ಮಹಾಯುದ್ಧದ ಸೇನಾಪತಿಯಾಗಿ ಜರ್ಮನಿಯ ವಿಶಾಲವಾದ ಹೆದ್ದಾರಿಗಳನ್ನೂ ಕಂಡರು. ಅಧ್ಯಕ್ಷರಾದ ಮೇಲೆ, 1956ರ ಜೂನ್ 29ರಂದು, ಸುಮಾರು 41,000 ಮೈಲಿ (66,000 ಕಿಲೋಮೀಟರ್) ಉದ್ದದ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಅವಕಾಶ ಕೊಡುವ ಕಾಯಿದೆಗೆ ಸಹಿ ಹಾಕಿದರು. ಖರ್ಚಿನಲ್ಲಿ ನೂರಕ್ಕೆ ತೊಂಬತ್ತು ಭಾಗ ಕೇಂದ್ರ ಸರ್ಕಾರದ್ದು.

ಈ ಹೊಸ ರಸ್ತೆಯ ತತ್ವವೇ ಬೇರೆ. ಅಡ್ಡರಸ್ತೆಗಳಿಲ್ಲ, ಕೆಂಪು ದೀಪವಿಲ್ಲ. ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಹತ್ತಬೇಕು, ಇಳಿಯಬೇಕು. ಎದುರು ಬರುವ ವಾಹನಗಳಿಗೆ ಬೇರೆಯೇ ಪಥ. ಬೆಟ್ಟ ಅಡ್ಡ ಬಂದರೆ ಕಡಿಯುವುದು, ಹಳ್ಳ ಬಂದರೆ ತುಂಬುವುದು, ಊರು ಬಂದರೆ ಪಕ್ಕಕ್ಕೆ ಸರಿಯುವುದು. ಇದರಿಂದ ಪ್ರಯಾಣದ ಕಾಲ ಇಳಿಯಿತು, ಮುಖಾಮುಖಿ ಡಿಕ್ಕಿಗಳು ಕಡಮೆಯಾದವು, ತರಕಾರಿ ಹಣ್ಣುಗಳು ಕೆಡದೆ ದೂರದ ಪಟ್ಟಣ ಸೇರಿದವು. ಇದು ದೊಡ್ಡ ಉಪಕಾರ. ಬಳಸುದಾರಿಯನ್ನು ಹೊಗಳುವವರು ಇದನ್ನು ಮರೆಯಬಾರದು. ಅವಸರದ ದಾರಿ ಇರುವುದರಿಂದಲೇ ಪಕ್ಕದ ಹಳೆಯ ದಾರಿ ಲಾರಿಗಳ ಕಾಟವಿಲ್ಲದೆ ಸುಖವಾಗಿದೆ.

ಬೆಲೆ ತೆತ್ತವರು ಊರಿನವರು. ಯೂಟಾ ರಾಜ್ಯದಲ್ಲಿ 70ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ಗ್ರೀನ್ ರಿವರ್‌ನಿಂದ ಸಲೈನಾವರೆಗೆ ಹೋದರೆ, ನೂರು ಮೈಲಿಗೂ ಹೆಚ್ಚು ದೂರ ಒಂದು ಊರಿಲ್ಲ, ಒಂದು ಪೆಟ್ರೋಲ್ ಬಂಕ್ ಇಲ್ಲ. ಅಲ್ಲಿ ನಿಜವಾಗಿಯೂ ಜನವಸತಿ ಇಲ್ಲ. ಆದರೆ ಬೇರೆ ಕಡೆಗಳಲ್ಲಿ ಊರು ಇದ್ದೂ ಹೆದ್ದಾರಿಯ ಮೇಲಿನವನ ಪಾಲಿಗೆ ಇಲ್ಲದಂತಾಯಿತು.

ಕ್ಷೌರಿಕ ಉಳಿಸಿದ ರಸ್ತೆ

ರೂಟ್ 66ರ ಜಾಗವನ್ನು ಹೊಸ ಹೆದ್ದಾರಿಗಳು ತುಂಡು ತುಂಡಾಗಿ ತೆಗೆದುಕೊಂಡವು. ಟೆಕ್ಸಸ್ ಮತ್ತು ನ್ಯೂ ಮೆಕ್ಸಿಕೊ ಗಡಿಯ ಮೇಲಿದ್ದ ಗ್ಲೆನ್‌ರಿಯೊ ಎಂಬ ಪುಟ್ಟ ಊರು, ಹೆದ್ದಾರಿ ಪಕ್ಕಕ್ಕೆ ಸರಿದ ಮೇಲೆ ಪಾಳುಬಿದ್ದಿತು. ಬಾಗಿಲು ಕಳಚಿದ ಮೋಟೆಲ್, ಒಣಗಿ ನಿಂತ ಪೆಟ್ರೋಲ್ ಬಂಕುಗಳನ್ನು ಇಂದಿಗೂ ಅಲ್ಲಿ ಕಾಣಬಹುದು. ಅರಿಜೋನ ರಾಜ್ಯದ ವಿಲಿಯಮ್ಸ್ ಪಟ್ಟಣಕ್ಕೆ 1984ರ ಅಕ್ಟೋಬರ್‌ನಲ್ಲಿ ಬೈಪಾಸ್ ಆಯಿತು. ಅಲ್ಲಿಗೆ ಕೊನೆಯ ತುಂಡೂ ಹೋಯಿತು. 1985ರಲ್ಲಿ ರೂಟ್ 66 ಎಂಬ ಅಂಕಿಯನ್ನೇ ಸರ್ಕಾರಿ ಪಟ್ಟಿಯಿಂದ ತೆಗೆದುಹಾಕಿದರು. ಫಲಕಗಳನ್ನು ಕಿತ್ತರು.

ಅದೇ ಅರಿಜೋನದ ಸೆಲಿಗ್ಮನ್ ಎಂಬ ಸಣ್ಣ ಊರಿನಲ್ಲಿ ಏಂಜಲ್ ಡೆಲ್ಗಡಿಯೊ ಎಂಬ ಕ್ಷೌರಿಕರಿದ್ದರು. 1927ರಲ್ಲಿ ಅಲ್ಲಿಯೇ ಹುಟ್ಟಿದವರು. ಅಂದರೆ ರಸ್ತೆಗಿಂತ ಕೆಲವೇ ತಿಂಗಳು ಕಿರಿಯರು. 1978ರ ಸೆಪ್ಟೆಂಬರ್ 22ರಂದು ಊರಿನ ಪಕ್ಕದಲ್ಲಿ ಹೊಸ ಹೆದ್ದಾರಿ ತೆರೆಯಿತು. ಬೆಳಗಿನವರೆಗೆ ಸಾಲುಗಟ್ಟಿ ಹೋಗುತ್ತಿದ್ದ ವಾಹನಗಳು ಸಂಜೆಗೆ ಇಲ್ಲ. ಗಿರಾಕಿಗಳಿಲ್ಲದೆ ಅಂಗಡಿಗಳು ಒಂದೊಂದಾಗಿ ಮುಚ್ಚಿದವು, ಹುಡುಗರು ಕೆಲಸ ಹುಡುಕಿಕೊಂಡು ಊರು ಬಿಟ್ಟರು.

ಡೆಲ್ಗಡಿಯೊ ಊರು ಬಿಡಲಿಲ್ಲ. ಸುಮಾರು ಒಂಬತ್ತು ವರ್ಷಗಳ ನಂತರ, 1987ರಲ್ಲಿ, ತಮ್ಮಂಥ ಕೆಲವರನ್ನು ಕೂಡಿಸಿಕೊಂಡು ಅರಿಜೋನದ ಐತಿಹಾಸಿಕ ರೂಟ್ 66 ಸಂಘವನ್ನು ಕಟ್ಟಿದರು. ಅವರು ಹೊಸ ಹೆದ್ದಾರಿಯನ್ನು ಮುಚ್ಚಿ ಎಂದು ಕೇಳಲಿಲ್ಲ. ಹಳೆಯ ರಸ್ತೆಗೆ ಅದರ ಹೆಸರನ್ನು ವಾಪಸು ಕೊಡಿ, ಫಲಕ ಹಾಕಿ, ಇಳಿಯಬೇಕಾದವರಿಗೆ ಎಲ್ಲಿ ಇಳಿಯಬೇಕೆಂದು ತಿಳಿಯಲಿ ಎಂದು ಕೇಳಿದರು. ಸಣ್ಣ ಬೇಡಿಕೆ. ಅದೇ ವರ್ಷ ರಾಜ್ಯ ಸರ್ಕಾರ ಒಪ್ಪಿ, ಸೆಲಿಗ್ಮನ್‌ನಿಂದ ಕಿಂಗ್‌ಮನ್‌ವರೆಗಿನ ಹಳೆಯ ರಸ್ತೆಯನ್ನು ಐತಿಹಾಸಿಕವೆಂದು ಘೋಷಿಸಿತು. ಮುಂದೆ ಕ್ಯಾಲಿಫೋರ್ನಿಯ ಗಡಿಯವರೆಗಿನ ಸುಮಾರು 250 ಕಿಲೋಮೀಟರ್ ಉಳಿದುಕೊಂಡಿತು. ಈ ಹಾದಿಯಲ್ಲಿ ಓಟ್‌ಮನ್ ಎಂಬ ಹಳೆಯ ಚಿನ್ನದ ಗಣಿಯ ಊರಿದೆ. ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಅಲ್ಲಿನ ಬೀದಿಯಲ್ಲಿ ಓಡಾಡಿಕೊಂಡು, ಬಂದವರ ಕಾರಿನ ಕಿಟಕಿಗೆ ಮೂತಿ ಚಾಚುತ್ತದೆ.

ಬೇರೆ ರಾಜ್ಯಗಳಲ್ಲೂ ಇಂಥ ಸಂಘಗಳು ಹುಟ್ಟಿದವು. 1999ರಲ್ಲಿ ಅಮೆರಿಕದ ಸಂಸತ್ತು ರೂಟ್ 66ರ ರಕ್ಷಣೆಗೆಂದು ಒಂದು ಕಾಯಿದೆ ಮಾಡಿತು. 2006ರಲ್ಲಿ ಬಂದ ‘ಕಾರ್ಸ್’ ಎಂಬ ಮಕ್ಕಳ ಚಲನಚಿತ್ರವನ್ನು ನಿಮ್ಮ ಮೊಮ್ಮಕ್ಕಳು ನೋಡಿರಬಹುದು. ಹೆದ್ದಾರಿ ಪಕ್ಕಕ್ಕೆ ಸರಿದು ಮಂಕಾದ ಊರಿನ ಕಥೆ ಅದು. ಅದನ್ನು ಮಾಡಿದವರು ಈ ಕ್ಷೌರಿಕರ ಮಾತುಗಳನ್ನು ಕೇಳಿಸಿಕೊಂಡಿದ್ದರು. 2026 ಈ ರಸ್ತೆಯ ಶತಮಾನದ ವರ್ಷ. ಸರ್ಕಾರಿ ಪಟ್ಟಿಯಲ್ಲಿ ಸತ್ತು ನಾಲ್ಕು ದಶಕವಾದ ರಸ್ತೆಗೆ ನೂರರ ಸಂಭ್ರಮ ಬಂದಿದೆಯೆಂದರೆ ಅದಕ್ಕೆ ಕಾರಣ ಅದರ ಮೇಲಿನ ಊರುಗಳ ಜನ.

ನೀಲಿ ಗೆರೆಗಳ ಹಿಂದೆ

ಹಳೆಯ ರಸ್ತೆಗಳತ್ತ ಓದುಗರ ಗಮನ ಸೆಳೆದ ಒಂದು ಪುಸ್ತಕದ ಹೆಸರನ್ನು ಇಲ್ಲಿ ಹೇಳಬೇಕು. ವಿಲಿಯಂ ಲೀಸ್ಟ್ ಹೀಟ್-ಮೂನ್ ಎಂಬ ಅಧ್ಯಾಪಕರು 1978ರಲ್ಲಿ ಕೆಲಸ ಕಳೆದುಕೊಂಡರು, ಸಂಸಾರವೂ ಮುರಿದಿತ್ತು. ಅವರು ಒಂದು ವ್ಯಾನಿನಲ್ಲಿ ಹಾಸಿಗೆ ಹಾಕಿಕೊಂಡು, ಹೆದ್ದಾರಿಗಳನ್ನು ಆದಷ್ಟು ಬಿಟ್ಟು, ಸುಮಾರು 13,000 ಮೈಲಿ ದೇಶ ಸುತ್ತಿದರು. 1982ರಲ್ಲಿ ಬಂದ ‘ಬ್ಲೂ ಹೈವೇಸ್’ ಆ ಪ್ರಯಾಣದ ಕಥನ. ಹಳೆಯ ನಕ್ಷೆಗಳಲ್ಲಿ ಮುಖ್ಯ ರಸ್ತೆಗೆ ಕೆಂಪು ಗೆರೆ, ಒಳರಸ್ತೆಗೆ ನೀಲಿ ಗೆರೆ ಇರುತ್ತಿದ್ದುದರಿಂದ ಆ ಹೆಸರು.

ಬೆಟ್ಟ ಜಲಪಾತಗಳ ವರ್ಣನೆಗಾಗಿ ಆ ಪುಸ್ತಕವನ್ನು ತೆರೆದವರಿಗೆ ಆಶ್ಚರ್ಯ ಕಾದಿದೆ. ಅದರ ತುಂಬ ಇರುವುದು ಜನ: ಹೋಟೆಲಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು, ತಮ್ಮ ಕೈಯಾರೆ ದೋಣಿ ಕಟ್ಟುವವರು, ಒಂಟಿಯಾಗಿ ಅಂಗಡಿ ನಡೆಸುವ ಮುದುಕರು. ಹೆಸರು ವಿಚಿತ್ರವಾಗಿದೆ ಎಂಬ ಒಂದೇ ಕಾರಣಕ್ಕೆ ಅವರು ಕೆಲವು ಊರುಗಳಿಗೆ ಹೋಗುತ್ತಾರೆ. ಯಾವ ಊರಿನಲ್ಲೂ ನೋಡಲೇಬೇಕಾದ್ದು ಎಂಬುದಿಲ್ಲ. ಕೂತು ಮಾತಾಡಿದರೆ ಕೇಳಬೇಕಾದ್ದು ಮಾತ್ರ ಎಲ್ಲ ಕಡೆಯೂ ಇದೆ. ಬಳಸುದಾರಿಯಲ್ಲಿ ಏನಿದೆ ಎಂಬ ಪ್ರಶ್ನೆಗೆ ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ನೋಟಕ್ಕಾಗಿಯೇ ಕಟ್ಟಿದ ರಸ್ತೆ

ಎಲ್ಲ ಬಳಸುದಾರಿಗಳೂ ಹಳೆಯ ಹೆದ್ದಾರಿಗಳಲ್ಲ. ಕೆಲವನ್ನು ನೋಟಕ್ಕೆಂದೇ ಕಟ್ಟಿದರು. ಆರೆಗನ್ ರಾಜ್ಯದ ಕೊಲಂಬಿಯ ನದಿಯ ಕಣಿವೆಯಲ್ಲಿ 1913ರಿಂದ 1922ರವರೆಗೆ ಕಟ್ಟಿದ ರಸ್ತೆ ಇದಕ್ಕೆ ಮೊದಲಿನ ಉದಾಹರಣೆ. ಅದರ ಎಂಜಿನಿಯರ್ ಸ್ಯಾಮ್ಯುಯಲ್ ಲ್ಯಾಂಕಾಸ್ಟರ್ ಜಲಪಾತಗಳ ಬಳಿಗೆ ಕಲ್ಲಿನ ಕಮಾನು ಸೇತುವೆಗಳ ಮೇಲೆ ರಸ್ತೆಯನ್ನು ಒಯ್ದರು.

ಇನ್ನೊಂದು, ವರ್ಜೀನಿಯ ಮತ್ತು ನಾರ್ತ್ ಕ್ಯಾರೊಲೈನ ರಾಜ್ಯಗಳ ಬೆಟ್ಟಸಾಲಿನ ಮೇಲಿನ ‘ಬ್ಲೂ ರಿಜ್ ಪಾರ್ಕ್‌ವೇ’. ಉದ್ದ 469 ಮೈಲಿ, ಅಂದರೆ ಸುಮಾರು 755 ಕಿಲೋಮೀಟರ್. ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು 1935ರಲ್ಲಿ ಆರಂಭಿಸಿದ ಇದು ಪೂರ್ತಿಯಾದದ್ದು 1987ರಲ್ಲಿ. ಕೊನೆಗೆ ಉಳಿದಿದ್ದ ತುಂಡು ಗ್ರ್ಯಾಂಡ್‌ಫಾದರ್ ಎಂಬ ಬೆಟ್ಟದ ಪಕ್ಕೆ. ಅಲ್ಲಿ ಬಂಡೆ ಕಡಿಯದೆ, ಬೆಟ್ಟದ ಮೈಗೆ ಅಂಟಿದಂತೆ ಬಾಗುವ ಮೇಲ್ಸೇತುವೆಯನ್ನು 153 ಕಾಂಕ್ರೀಟ್ ತುಂಡುಗಳಿಂದ ಜೋಡಿಸಿದರು. ಈ ರಸ್ತೆಯಲ್ಲಿ ಸರಕು ಲಾರಿಗಳಿಗೆ ಪ್ರವೇಶವಿಲ್ಲ. ವೇಗದ ಮಿತಿ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್. ಜಾಹೀರಾತು ಫಲಕಗಳೂ ಇಲ್ಲ.

ಆದರೆ ಇಲ್ಲಿನ ನೋಟವೂ ಪೂರಾ ಸಹಜವಲ್ಲ. ವರ್ಜೀನಿಯದಲ್ಲಿ ಮೇಬ್ರಿ ಎಂಬವರ ನೀರಿನ ಗಿರಣಿಯೊಂದಿದೆ. ಈ ದಾರಿಯ ಚಿತ್ರಗಳಲ್ಲಿ ಬಹಳ ಸಲ ಕಾಣುವುದು ಅದೇ. ಗಿರಣಿಯ ಮಾಲೀಕರು ಕಟ್ಟಿಕೊಂಡಿದ್ದ ಎರಡು ಅಂತಸ್ತಿನ ಹಲಗೆಯ ಮನೆ ಪಕ್ಕದಲ್ಲೇ ಇತ್ತು. ಯೋಜಕರಿಗೆ ಅದು ತೀರ ಹೊಸದಾಗಿ ಕಂಡಿತು. ಅದನ್ನು ಕೆಡವಿ, ಬೇರೆ ಕಡೆಯಿಂದ ಒಂದು ದಿಮ್ಮಿಯ ಗುಡಿಸಲನ್ನು ತಂದು ನಿಲ್ಲಿಸಿದರು. ಬೆಟ್ಟದ ಜನ ಹೇಗೆ ಬದುಕಿದ್ದರು ಎಂಬುದಕ್ಕಿಂತ ಹೇಗೆ ಬದುಕಿದ್ದರೆ ಪ್ರವಾಸಿಗೆ ಚೆನ್ನ ಎಂಬ ಲೆಕ್ಕ ಅದು. ನೋಟದ ದಾರಿ ಹಿಡಿಯುವವರು ಈ ಅಪಾಯವನ್ನು ನೆನಪಿಡಬೇಕು: ಊರನ್ನು ನೋಡಲು ಹೋಗಿ ಊರಿನವರನ್ನೇ ಚಿತ್ರದಿಂದ ಅಳಿಸಿಬಿಡಬಹುದು.

1991ರಲ್ಲಿ ಅಮೆರಿಕ ಸರ್ಕಾರ ಇಂಥ ದಾರಿಗಳನ್ನು ಗುರುತಿಸಲು ರಾಷ್ಟ್ರೀಯ ಯೋಜನೆಯೊಂದನ್ನು ತಂದಿತು. ನೋಟದ ಜೊತೆಗೆ ಇತಿಹಾಸ, ಸಂಸ್ಕೃತಿ, ಪುರಾತತ್ವ, ನಿಸರ್ಗ, ವಿಹಾರ ಎಂಬವುಗಳನ್ನೂ ಸೇರಿಸಿ ಒಟ್ಟು ಆರು ಗುಣಗಳನ್ನು ಅಳತೆಗೋಲಾಗಿ ಇಟ್ಟರು. ಸ್ಥಳೀಯರೇ ತಮ್ಮ ರಸ್ತೆಯ ಬಗ್ಗೆ ಅರ್ಜಿ ಸಿದ್ಧಪಡಿಸಿ, ಅದನ್ನು ಹೇಗೆ ಕಾಪಾಡುತ್ತೇವೆ ಎಂಬ ಯೋಜನೆಯನ್ನೂ ಕೊಡಬೇಕು. ಮೇಬ್ರಿ ಗಿರಣಿಯ ಕಾಲಕ್ಕಿಂತ ಇದು ಒಳ್ಳೆಯ ಹೆಜ್ಜೆ.

ಎಲ್ಲರಿಗೂ ಸಿಗದ ಸುಖ

ದಾರಿ ಬಿಟ್ಟು ಒಳರಸ್ತೆಗೆ ತಿರುಗುವ ಸ್ವಾತಂತ್ರ್ಯ ಅಮೆರಿಕದ ಎಲ್ಲರಿಗೂ ಇರಲಿಲ್ಲ ಎಂಬುದನ್ನು ಹೇಳದೆ ಈ ಕಥೆ ಪೂರ್ತಿಯಾಗದು. ಕರಿಯ ಕುಟುಂಬವೊಂದು ಕಾರಿನಲ್ಲಿ ಹೊರಟರೆ ಯಾವ ಹೋಟೆಲಿನಲ್ಲಿ ಊಟ ಸಿಗುತ್ತದೆ, ಯಾವ ಬಂಕಿನಲ್ಲಿ ಶೌಚಾಲಯಕ್ಕೆ ಬಿಡುತ್ತಾರೆ, ರಾತ್ರಿ ಎಲ್ಲಿ ಮಲಗಬಹುದು ಎಂಬುದು ಮೊದಲೇ ಗೊತ್ತಿರಬೇಕಿತ್ತು. ಸೂರ್ಯ ಮುಳುಗುವುದರೊಳಗೆ ಕರಿಯರು ಊರು ಬಿಡಬೇಕೆಂಬ ಕಟ್ಟಳೆಯಿದ್ದ ಊರುಗಳು ಅನೇಕ. ರೂಟ್ 66ರ ಉದ್ದಕ್ಕೂ ಅಂಥವಿದ್ದವು. ಅವರಿಗೆ ಅರಿಯದ ಒಳರಸ್ತೆ ಎಂದರೆ ಜೀವಭಯ.

ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆ ಇಲಾಖೆಯ ನೌಕರರು ಇದಕ್ಕೆ ಒಂದು ಉಪಾಯ ಮಾಡಿದರು. ಕರಿಯರನ್ನು ಮರ್ಯಾದೆಯಿಂದ ಕಾಣುವ ವಸತಿಗೃಹ, ಹೋಟೆಲ್, ಗ್ಯಾರೇಜ್, ಕ್ಷೌರದಂಗಡಿಗಳ ವಿಳಾಸ ಕೂಡಿಸಿ 1936ರಲ್ಲಿ ‘ಗ್ರೀನ್ ಬುಕ್’ ಹೊರತಂದರು. ಮೊದಲು ನ್ಯೂಯಾರ್ಕ್ ಸುತ್ತಮುತ್ತಲಿಗೆ ಮಾತ್ರವಿದ್ದ ಈ ಕೈಪಿಡಿ ಮುಂದೆ ದೇಶವನ್ನೆಲ್ಲ ಒಳಗೊಂಡಿತು. ಈ ಪುಸ್ತಕವೇ ಬೇಕಾಗದ ದಿನವೊಂದು ಬರಲಿ ಎಂಬ ಆಶಯವನ್ನು ಅದರೊಳಗೇ ಅಚ್ಚು ಮಾಡಿದ್ದರು. ಗ್ರೀನ್ 1960ರಲ್ಲಿ ತೀರಿಕೊಂಡರು. ಸಾರ್ವಜನಿಕ ಸ್ಥಳಗಳಲ್ಲಿ ಭೇದಭಾವವನ್ನು ನಿಷೇಧಿಸಿದ ಕಾಯಿದೆ 1964ರಲ್ಲಿ ಬಂದಿತು. ಕೆಲವೇ ವರ್ಷಗಳಲ್ಲಿ ಕೈಪಿಡಿ ನಿಂತಿತು.

ಹಳೆಯ ರಸ್ತೆಯ ಊರುಗಳೆಂದರೆ ಆತ್ಮೀಯತೆ, ಹೆದ್ದಾರಿ ಎಂದರೆ ನಿರ್ಭಾವ ಎಂದು ಭಾವುಕರಾಗಿ ಹೇಳುವವರು ಈ ಪುಟ್ಟ ಪುಸ್ತಕವನ್ನು ಒಮ್ಮೆ ತಿರುವಿಹಾಕಬೇಕು. ಯಾರ ಮುಖವನ್ನೂ ನೋಡದ ಹೆದ್ದಾರಿ ಕೆಲವರ ಪಾಲಿಗೆ ನೆಮ್ಮದಿಯೂ ಆಗಿತ್ತು.

ನಮ್ಮ ದಾರಿ

ಇದೆಲ್ಲ ದೂರದ ದೇಶದ ಕಥೆ, ನಮಗೇನು ಎಂದು ನೀವು ಕೇಳಬಹುದು. ಸೆಲಿಗ್ಮನ್‌ಗೆ 1978ರಲ್ಲಿ ಬಂದ ದಿನ ನಮ್ಮ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳಿಗೆ ಬಂದಿರುವುದರಿಂದ ಇದನ್ನು ಹೇಳಬೇಕಾಯಿತು. ಬೆಂಗಳೂರು–ಮೈಸೂರು ನಡುವಿನ ಸುಮಾರು 119 ಕಿಲೋಮೀಟರ್‌ನ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಈ ಊರುಗಳಿಗೆಲ್ಲ ಬೈಪಾಸ್ ಆಯಿತು, ಶ್ರೀರಂಗಪಟ್ಟಣಕ್ಕೂ ಆಯಿತು. ಮೂರು ಗಂಟೆಯ ಪ್ರಯಾಣ ಅರ್ಧಕ್ಕೆ ಇಳಿಯಿತು. ಆಂಬುಲೆನ್ಸ್‌ನಲ್ಲಿ ಹೋಗುವವರಿಗೆ, ದಿನವೂ ಓಡಾಡುವವರಿಗೆ ಇದರ ಬೆಲೆ ಗೊತ್ತು. ಪೇಟೆಯ ನಡುವೆ ಲಾರಿಗಳ ಹೊಗೆ ಕುಡಿಯುತ್ತಿದ್ದ ಊರಿನವರಿಗೂ ಉಸಿರು ಬಂದಿದೆ.

ಹಾಗೆಯೇ ದಾರಿಹೋಕರನ್ನು ನೆಚ್ಚಿದ್ದವರ ಗಲ್ಲಾಪೆಟ್ಟಿಗೆ ಹಗುರವಾಗಿದೆ. ಚನ್ನಪಟ್ಟಣದ ಬಣ್ಣದ ಬೊಂಬೆಗಳ ಅಂಗಡಿ, ಮದ್ದೂರು ವಡೆಯ ಹೋಟೆಲ್, ಎಳನೀರು ಮಾರುವವರು ಎಲ್ಲ ಹಳೆಯ ರಸ್ತೆಯ ಮೇಲಿನವರು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇರುವುದೂ ರಾಮನಗರದ ಬಳಿಯ ಹಳೆಯ ರಸ್ತೆಯಲ್ಲೇ. ಮೊದಲು ಮೈಸೂರಿಗೆ ಹೋಗುವವರ ಕಣ್ಣಿಗೆ ಅದು ತಾನಾಗಿ ಬೀಳುತ್ತಿತ್ತು. ಈಗ ನೋಡಬೇಕೆನ್ನುವವರು ನೆನಪಿಟ್ಟುಕೊಂಡು ಇಳಿಯಬೇಕು. ಮದ್ದೂರು ವಡೆ ಹೆಸರಾದದ್ದು ರೈಲು ನಿಲ್ದಾಣದಲ್ಲಿ ಎನ್ನುತ್ತಾರೆ. ರೈಲಿನವರ ತಿಂಡಿ ರಸ್ತೆಯವರ ತಿಂಡಿಯಾಗಿ ಬದುಕಿತು. ಮೂರನೆಯ ಸಲ ಹೊಸ ಗಿರಾಕಿಗಳನ್ನು ಅದು ಕಂಡುಕೊಳ್ಳಲಾರದು ಎಂದೇನೂ ಇಲ್ಲ. ಆದರೆ ಅದಕ್ಕೆ ನೆರವು ಬೇಕು.

ಏನು ನೆರವು? ಕೇಳುವುದು ಕ್ಷೌರಿಕ ಡೆಲ್ಗಡಿಯೊ ಕೇಳಿದಷ್ಟೇ. ಹೆದ್ದಾರಿಯಿಂದ ಇಳಿಯುವ ಕಡೆ ಊರಿನ ಹೆಸರಿನ ಜೊತೆಗೆ, ಅಲ್ಲಿ ಏನಿದೆ ಎಂಬುದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಹಳೆಯ ರಸ್ತೆಗೆ ಒಂದು ಹೆಸರು ಕೊಡಿ. ಅದರ ಗುಂಡಿ ಮುಚ್ಚಿ, ಬದಿಯಲ್ಲಿ ಉಳಿದಿರುವ ಮರಗಳನ್ನು ಕಾಪಾಡಿ. 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊರಿಕ್ಷಾ, ಟ್ರ್ಯಾಕ್ಟರ್‌ಗಳನ್ನು ಹೆದ್ದಾರಿಯ ಮುಖ್ಯ ಪಥದಲ್ಲಿ ಬಿಡುತ್ತಿಲ್ಲ. ಅವರಿಗೆ ಪಕ್ಕದ ದಾರಿ, ಹಳೆಯ ದಾರಿಗಳೇ ಗತಿ. ಆದ್ದರಿಂದ ಹಳೆಯ ರಸ್ತೆಯನ್ನು ಚೆನ್ನಾಗಿ ಇಡುವುದು ಪ್ರವಾಸಿಗಳ ಶೋಕಿಗಾಗಿ ಅಲ್ಲ; ಹೊಲಕ್ಕೆ, ಸಂತೆಗೆ, ಶಾಲೆಗೆ ಹೋಗುವವರಿಗೆ ಅದೇ ಇಂದಿಗೂ ಮುಖ್ಯ ರಸ್ತೆ.

ರಸ್ತೆಯೇ ಬಳಸಿಕೊಂಡು ಹೋಗಬೇಕಾದ ಸಂದರ್ಭವನ್ನೂ ನಾವು ಕಂಡಿದ್ದೇವೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲು–ಕುದೂರು ನಡುವೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ನೂರಾರು ಆಲದ ಗಿಡ ನೆಟ್ಟು, ದೂರದಿಂದ ನೀರು ಹೊತ್ತು ಬೆಳೆಸಿದರು. 2019ರಲ್ಲಿ ರಸ್ತೆ ವಿಸ್ತರಣೆಯಿಂದ ಆ ಮರಗಳಿಗೆ ಕುತ್ತು ಬಂದಾಗ ತಿಮ್ಮಕ್ಕ ಮುಖ್ಯಮಂತ್ರಿಗಳಿಗೆ ಮನವಿ ಮಾಡಿಕೊಂಡರು. ಮರ ಕಡಿಯದೆ ಬೇರೆ ದಾರಿ ನೋಡಿ ಎಂದು ಸರ್ಕಾರ ಅಧಿಕಾರಿಗಳಿಗೆ ಸೂಚಿಸಿತು. ಒಂದು ಸಾಲು ಮರಕ್ಕಾಗಿ ರಸ್ತೆ ಸುತ್ತಿ ಹೋಗಬಹುದಾದರೆ, ಒಂದು ಊರಿಗಾಗಿ ಕಾರು ಸುತ್ತಿ ಹೋಗುವುದು ದೊಡ್ಡ ಮಾತಲ್ಲ.

ಪ್ರತಿ ಸಲವೂ ಹಳೆಯ ದಾರಿಯಲ್ಲೇ ಹೋಗಿ ಎಂದು ನಾನು ಹೇಳುವುದಿಲ್ಲ. ತುರ್ತಿಗೆ ಹೆದ್ದಾರಿ ಇರಲಿ. ಹೋಗುವಾಗ ನೇರ ಹೋಗಿ, ಬರುವಾಗ ಒಂದು ಊರಿಗೆ ಇಳಿಯಿರಿ. ವಡೆ ತಿನ್ನಿ, ಮಗುವಿಗೊಂದು ಬೊಂಬೆ ಕೊಳ್ಳಿ, ಅಂಗಡಿಯವರ ಹತ್ತಿರ ಎರಡು ಮಾತಾಡಿ. ಹೆಚ್ಚೆಂದರೆ ಒಂದು ಗಂಟೆ ತಡವಾದೀತು. ತಡವಾಗಿ ಬಂದದ್ದಕ್ಕೆ ಮನೆಯಲ್ಲಿ ಯಾರಾದರೂ ಕೊಂಕಣ, ಮೈಲಾರದ ಗಾದೆ ಹೇಳಿದರೆ, ಕೊಂಕಣದಲ್ಲಿ ಕಂಡದ್ದನ್ನು ಅವರಿಗೂ ಹೇಳಿ.